ಮೊದಲ ವರ್ಷದ ಕಲಾವಿದ

ಬೆನ್ನಿಗೆ ಹಾಳೆ ಸುತ್ತಿಟ್ಟ ಪ್ಲಾಸ್ಟಿಕ್ ಕೊಳವೆ, ಕಂಕುಳಲ್ಲಿ ಡ್ರಾಯಿಂಗ್ ಬೋರ್ಡು, ಕಿವಿಯ ಸಂದಿಯಲ್ಲಿ 4ಬಿ ಪೆನ್ಸಿಲು, ಬೆರಳ ತುದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಇದ್ದಿಲ ಕಪ್ಪು. ಇಷ್ಟೂ ಲಕ್ಷಣಗಳಿರುವ ಹದಿನೆಂಟರ ಹುಡುಗ ಬಸ್ಸಿನಲ್ಲಿ ಕಂಡರೆ ದೃಶ್ಯಕಲಾ ಪದವಿ, ಅಂದರೆ ಬಿ.ವಿ.ಎ. ಮೊದಲ ವರ್ಷ ಎಂದು ಧೈರ್ಯವಾಗಿ ಹೇಳಬಹುದು. "ಏನಪ್ಪಾ ಅದು, ಕೇರಂ ಬೋರ್ಡಾ? ಲಗೇಜ್ ಹಾಕ್ಲಾ?" ಎಂದು ಕಂಡಕ್ಟರು ಕೇಳುತ್ತಾನೆ. ಹುಡುಗ ಉತ್ತರ ಕೊಡುವುದಿಲ್ಲ. ಸಮಾಜ ಕಲಾವಿದನನ್ನು ಅರ್ಥ ಮಾಡಿಕೊಳ್ಳುವುದಿಲ್ಲ ಎಂಬುದಕ್ಕೆ ಅವನಿಗೆ ಇನ್ನೊಂದು ಸಾಕ್ಷಿ ಸಿಕ್ಕಿರುತ್ತದೆ.

ಇವನು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿದ್ದಾನು, ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿದ್ದಾನು, ದಾವಣಗೆರೆಯಲ್ಲೋ ಕಲಬುರಗಿಯಲ್ಲೋ ಇದ್ದಾನು. ಊರು ಬೇರೆಯಾದರೂ ತಳಿ ಒಂದೇ.

ಹುಟ್ಟೂರಿನಲ್ಲಿ ಅವನು ಆಗಲೇ ಹೆಸರುವಾಸಿ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರ ಬಲಗೈ. ಲೋಯರ್, ಹೈಯರ್ ಎರಡೂ ಪರೀಕ್ಷೆ ಪಾಸು. ಫೋಟೋದ ಮೇಲೆ ಚೌಕುಳಿ ಗೆರೆ ಹಾಕಿ, ಒಂದೊಂದೇ ಚೌಕವನ್ನು ಹಿಗ್ಗಿಸಿ ಅವನು ಬರೆದ ಕುವೆಂಪು ಈಗಲೂ ಶಾಲೆಯ ಆಫೀಸಿನಲ್ಲಿದ್ದಾರೆ. ಗಣೇಶನ ಪೆಂಡಾಲಿನ ಹಿಂಪರದೆ, ಮದುವೆ ಮಂಟಪದ ಥರ್ಮಾಕೋಲ್ ಅಕ್ಷರ, ಸೋದರತ್ತೆಯ ಮನೆಯ ಗೋಡೆ ಮೇಲಿನ ಸೀನರಿ ಎಲ್ಲವೂ ಅವನದೇ ಕೈಚಳಕ. ಎರಡು ಬೆಟ್ಟ, ನಡುವೆ ಸೂರ್ಯ, ಅಲ್ಲಿಂದ ಹೊರಟ ನದಿ, ದಡದಲ್ಲೊಂದು ಗುಡಿಸಲು, ಒಂದು ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಭಾರತದ ಕೋಟ್ಯಂತರ ಮಕ್ಕಳು ಒಬ್ಬರನ್ನೊಬ್ಬರು ಕೇಳದೆ ಬರೆಯುವ ಈ ಚಿತ್ರವನ್ನು ಇವನು ಎಣ್ಣೆ ಬಣ್ಣದಲ್ಲಿ ಬರೆದಿದ್ದ, ಅಷ್ಟೇ ವ್ಯತ್ಯಾಸ.

ಇಂಥ ಕೀರ್ತಿವಂತನಿಗೆ ಕಾಲೇಜಿನಲ್ಲಿ ಸಿಗುವ ಮೊದಲ ಕೆಲಸ: ಹಾಳೆ ತುಂಬ ಗೆರೆ ಎಳೆ. ಅಡ್ಡಗೆರೆ ಮುಗಿದರೆ ಉದ್ದಗೆರೆ, ಆಮೇಲೆ ಓರೆಗೆರೆ. ಸ್ಕೇಲು ಮುಟ್ಟುವಂತಿಲ್ಲ. ಇಂಪೀರಿಯಲ್ ಹಾಳೆಯೆಂದರೆ 22 ಇಂಚು ಅಗಲ, 30 ಇಂಚು ಉದ್ದ. ಅದರ ಒಂದು ಮೂಲೆಯಿಂದ ಹೊರಟ ಗೆರೆ ನಡುದಾರಿಯಲ್ಲಿ ಜೋತುಬಿದ್ದು, ತುದಿ ಮುಟ್ಟುವಷ್ಟರಲ್ಲಿ ಪಕ್ಕದ ಗೆರೆಯ ಹೆಗಲ ಮೇಲೆ ಕೈ ಹಾಕಿರುತ್ತದೆ. ಕುವೆಂಪು ಅವರನ್ನೇ ಬರೆದ ಕೈಗೆ ಒಂದು ಅಡಿ ನೇರ ಗೆರೆ ಬರುವುದಿಲ್ಲ ಎಂಬುದು ಮೊದಲ ವಾರದಲ್ಲೇ ಬಯಲಾಗುತ್ತದೆ. ಎರಡನೇ ವಾರ ಘನ, ಸಿಲಿಂಡರ್, ಶಂಕು, ಗೋಲ. ಬೆಳಕು ಎಲ್ಲಿಂದ, ನೆರಳು ಎಲ್ಲಿಗೆ. ಮೂರನೇ ವಾರ ಒಂದು ಮಡಕೆ, ಒಂದು ಸೀಸೆ, ಹಿಂದೆ ಮಡಿಕೆ ಮಡಿಕೆಯಾಗಿ ಇಳಿಬಿಟ್ಟ ಬಟ್ಟೆ. ಆ ಮಡಕೆಯ ಎಡಗಡೆಯ ಹೊಟ್ಟೆಗೂ ಬಲಗಡೆಯ ಹೊಟ್ಟೆಗೂ ಹೊಂದಾಣಿಕೆಯಾಗುವುದರಲ್ಲಿ ಸೆಮಿಸ್ಟರು ಅರ್ಧ ಕಳೆದಿರುತ್ತದೆ.

"ಫೀಸು ಕಟ್ಟಿ ಗೆರೆ ಎಳೆಯೋಕೆ ಹೋಗಿದ್ದೀಯೇನೋ?" ಎಂದು ಅಪ್ಪ ಫೋನಿನಲ್ಲಿ ಕೇಳುತ್ತಾರೆ.

"ಅದು ಗೆರೆ ಅಲ್ಲಪ್ಪಾ, ಲೈನ್ ಕ್ವಾಲಿಟಿ."

ಕೈ ಪಳಗುವುದು ತಡವಾದರೂ ಗಡ್ಡ ತಡ ಮಾಡುವುದಿಲ್ಲ. ಖಾದಿ ಜುಬ್ಬಾ, ಹೆಗಲ ಚೀಲ, ಎರಡು ದಿನಕ್ಕೊಮ್ಮೆ ಬಾಚುವ ಕೂದಲು ಎಲ್ಲವೂ ದಸರಾ ರಜೆಯೊಳಗೆ ಸಿದ್ಧ. ಯಾರಾದರೂ ಕೇಳಿದರೆ ವ್ಯಾನ್ ಗಾಗ್ ಹೆಸರು ಮುಂದೆ ಬರುತ್ತದೆ. ಅವನಿಗೆ ಯಾವ ಶಿಸ್ತೂ ಇರಲಿಲ್ಲ, ಒಳಗಿನ ಬೆಂಕಿಯಿಂದ ಬರೆದ ಎಂಬುದು ಹಾಸ್ಟೆಲಿನಲ್ಲಿ ಚಾಲ್ತಿಯಲ್ಲಿರುವ ಇತಿಹಾಸ. ಆದರೆ ವ್ಯಾನ್ ಗಾಗ್ 1880ರ ಹೊತ್ತಿಗೆ ಕಲಾವಿದನಾಗಬೇಕೆಂದು ನಿಶ್ಚಯಿಸಿದ ಮೇಲೆ ಮಾಡಿದ ಮೊದಲ ಕೆಲಸಗಳಲ್ಲೊಂದು, ಶಾರ್ಲ್ ಬಾರ್ಗ್ ಎಂಬಾತನ ಡ್ರಾಯಿಂಗ್ ಪಾಠದ ಹಾಳೆಗಳನ್ನು ಒಂದೊಂದಾಗಿ ನಕಲು ಮಾಡಿದ್ದು. ಸಾಲದ್ದಕ್ಕೆ ಬದುಕಿನ ಕೊನೆಯ ವರ್ಷ 1890ರಲ್ಲಿ ಮತ್ತೆ ಅದೇ ಹಾಳೆಗಳಿಗೆ ಮರಳಿದ. ಪಿಕಾಸೋನ ಮಾತೆತ್ತಿದರೂ ಇದೇ ಕಥೆ. ಅವನ ಅಪ್ಪನೇ ಡ್ರಾಯಿಂಗ್ ಮೇಷ್ಟ್ರು. ಮೂಗನ್ನು ಕಿವಿಯ ಜಾಗಕ್ಕೆ ಸರಿಸುವ ಮುಂಚೆ ಮಗ ಅದನ್ನು ಇರಬೇಕಾದ ಜಾಗದಲ್ಲಿಟ್ಟು ಸಾಕಷ್ಟು ಬರೆದಿದ್ದ. ಈ ಭಾಗವನ್ನು ನಮ್ಮ ಕಲಾವಿದ ಕಲಾ ಇತಿಹಾಸದ ತರಗತಿಯಲ್ಲಿ ಕೇಳಿರುತ್ತಾನೆ, ಆದರೆ ಅದು ಊಟದ ನಂತರದ ಪಿರಿಯಡ್ಡು.

ಬಣ್ಣದ ಪಾಠ ಶುರುವಾದಾಗ ಮನೆಯವರಿಗೆ ನಿಜವಾದ ಚಿಂತೆ ಹತ್ತುತ್ತದೆ. ಅಂಗಡಿಯಲ್ಲಿ ಹನ್ನೆರಡು ಬಣ್ಣದ ಡಬ್ಬಿ ಸಾಲಾಗಿದ್ದರೂ ಹುಡುಗ ಕೆಂಪು, ಹಳದಿ, ನೀಲಿ ಮೂರನ್ನೇ ಆರಿಸುತ್ತಾನೆ. "ಹಸಿರು ತಗೊಳ್ಳೋ, ಮರಕ್ಕೆ ಬೇಕಾಗತ್ತೆ" ಎಂದು ಅಮ್ಮ ಹೇಳಿದರೆ, ಹಸಿರನ್ನು ಕೊಳ್ಳಬಾರದು, ಮಾಡಿಕೊಳ್ಳಬೇಕು ಎಂದು ಉಪದೇಶ. ಆಮೇಲೆ ಹನ್ನೆರಡು ಭಾಗದ ವರ್ಣಚಕ್ರ. ಈ ಚಕ್ರವನ್ನು ತರಗತಿಗಳಲ್ಲಿ ನೆಲೆಗೊಳಿಸಿದವರಲ್ಲಿ ಮುಖ್ಯನಾದ ಯೊಹಾನೆಸ್ ಇಟ್ಟನ್, 1919ರಲ್ಲಿ ಜರ್ಮನಿಯ ವೈಮಾರಿನಲ್ಲಿ ಆರಂಭವಾದ ಬೌಹೌಸ್ ಶಾಲೆಯಲ್ಲಿ ಮೊದಲ ವರ್ಷದವರಿಗೆ ಮೇಷ್ಟ್ರು. ಇಂದು ಲೋಕದ ನಾನಾ ಕಡೆ ನಡೆಯುವ ಫೌಂಡೇಶನ್ ಕೋರ್ಸಿನ ಬೇರು ಬಹುಮಟ್ಟಿಗೆ ಅಲ್ಲಿದೆ. ಇಟ್ಟನ್ ತಲೆ ಬೋಳಿಸಿ, ನಿಲುವಂಗಿ ತೊಟ್ಟು, ಗೆರೆ ಎಳೆಯುವ ಮುನ್ನ ಹುಡುಗರಿಗೆ ಉಸಿರಾಟದ ಅಭ್ಯಾಸ ಮಾಡಿಸುತ್ತಿದ್ದ. ಅವನು ನಂಬಿದ ಪಂಥದ ಪಥ್ಯದಿಂದಾಗಿ ಶಾಲೆಯ ಅಡುಗೆಮನೆಗೂ ಬೆಳ್ಳುಳ್ಳಿಯ ಘಾಟು ಹತ್ತಿತ್ತು. ಅವನ ಮತ್ತು ಸಂಗಡಿಗರ ಕೃತಿಗಳು 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲೂ ಪ್ರದರ್ಶನಗೊಂಡಿದ್ದವು. ಇದನ್ನೆಲ್ಲ ಕೇಳಿದ ಹುಡುಗ ಒಂದು ವಾರ ಹಾಸ್ಟೆಲಿನ ತಾರಸಿಯಲ್ಲಿ ಪ್ರಾಣಾಯಾಮ ಮಾಡುತ್ತಾನೆ. ಚಕ್ರದಲ್ಲಿ ಕೆನ್ನೀಲಿ ಬರಬೇಕಾದ ಮನೆಯಲ್ಲಿ ಮಾತ್ರ ಕೆಸರು ಬಣ್ಣವೇ ಬರುತ್ತದೆ.

ವಾರಕ್ಕೆ ಐವತ್ತು ಸ್ಕೆಚ್ ಎಂಬ ಕಟ್ಟಳೆ ಅವನನ್ನು ಬೀದಿಗೆ ತರುತ್ತದೆ. ಬಸ್ ಸ್ಟ್ಯಾಂಡು, ಹೂವಿನ ಮಾರ್ಕೆಟ್ಟು, ರೈಲ್ವೆ ಪ್ಲಾಟ್‌ಫಾರಂ. ಹೂ ಕಟ್ಟುವವಳ ಕೈ ಬರೆಯುವಷ್ಟರಲ್ಲಿ ಆಕೆ ಗಿರಾಕಿಯತ್ತ ತಿರುಗುತ್ತಾಳೆ. ಹಸು ಅಲ್ಲಾಡದೆ ನಿಂತಿದೆ ಎಂದು ಕೊಂಬಿನಿಂದ ಆರಂಭಿಸಿದರೆ ಬಾಲಕ್ಕೆ ಬರುವಾಗ ಹಸುವೇ ಇರುವುದಿಲ್ಲ. ಟೀ ಅಂಗಡಿಯವನು ಮಾತ್ರ ಕೂದಲು ಬಾಚಿಕೊಂಡು ಬಂದು, ಉಸಿರು ಬಿಗಿಹಿಡಿದು ಕೂರುತ್ತಾನೆ. ಬರೆದದ್ದನ್ನು ನೋಡಿ, "ಚೆನ್ನಾಗಿದೆ. ಯಾರು ಸಾರ್ ಇವ್ರು?" ಎನ್ನುತ್ತಾನೆ.

ಸ್ಕೆಚ್ಚಿಗೆ ಹುರುಪು ತುಂಬಲು ಮೇಷ್ಟ್ರು ದೊಡ್ಡವರ ಕಥೆ ಹೇಳುತ್ತಾರೆ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಿಂದ ಹೊರಟ ಕಲಾವಿದ ಕೆ.ಕೆ. ಹೆಬ್ಬಾರರ ರೇಖೆಗೆ ಹಾಡುವ ರೇಖೆ ಎಂದೇ ಹೆಸರು. ಲಯವನ್ನು ಅರಿಯಲು ಅವರು ಕಥಕ್ ಕಲಿತಿದ್ದರು. ಚಿತ್ರಗಾರ ಕೆ. ವೆಂಕಟಪ್ಪನವರು ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತವರು. ಇದರಿಂದ ಸ್ಫೂರ್ತಿಗೊಂಡ ಹುಡುಗ ರೂಂಮೇಟನ ಗಿಟಾರು ಎತ್ತಿಕೊಳ್ಳುತ್ತಾನೆ. ಸಬ್ಮಿಷನ್ನಿನ ಹಿಂದಿನ ರಾತ್ರಿ ಇನ್ನೂ ಮೂವತ್ತೆಂಟು ಸ್ಕೆಚ್ ಬಾಕಿ. ಆ ರೂಂಮೇಟೇ ಮಲಗಿ, ಕೂತು, ಬಕೆಟ್ ಹಿಡಿದು, ಟವೆಲ್ ಸುತ್ತಿ ಊರಿನ ಸಮಸ್ತ ಜನರಾಗಿ ಪೋಸು ಕೊಡುತ್ತಾನೆ. ಸೋಮವಾರದ ತಾರೀಖಿಗೆ 2ಬಿ, ಮಂಗಳವಾರಕ್ಕೆ 6ಬಿ, ಬುಧವಾರಕ್ಕೆ ಬಾಲ್‌ಪೆನ್ನು. ಬೆಳಿಗ್ಗೆ ಮೇಷ್ಟ್ರು ಹಾಳೆ ತಿರುವಿ, "ವಾರವಿಡೀ ಊರಲ್ಲೆಲ್ಲ ಒಂದೇ ಟವೆಲ್ ಓಡಾಡಿದೆಯಲ್ಲಪ್ಪಾ" ಎಂದಷ್ಟೇ ಹೇಳಿ ಸಹಿ ಹಾಕುತ್ತಾರೆ.

ನಿಜವಾದ ಅನಾಹುತ ಆಗುವುದು ಅವನು ರಜೆಗೆ ಮನೆಗೆ ಬಂದಾಗ. ಕೈ ಇನ್ನೂ ಪಳಗಿಲ್ಲ, ಕಣ್ಣು ಕೆಟ್ಟುಹೋಗಿದೆ. ದೇವರ ಮನೆಯ ಪಟಗಳು ಎಡಕ್ಕೆ ಭಾರವಾಗಿವೆ, ಲಕ್ಷ್ಮಿಯನ್ನು ಬಲಕ್ಕೆ ಸರಿಸಬೇಕು. ತಟ್ಟೆಯಲ್ಲಿ ಅನ್ನ, ಸಾರು, ಪಲ್ಯ ಒಂದೇ ಕಡೆ ಕೂತಿವೆ, ಎದುರಿಗಿರುವ ಖಾಲಿ ಜಾಗ ಮಾತಾಡುತ್ತಿಲ್ಲ. ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಪೆನ್ಸಿಲಿನಲ್ಲಿ ಅಜ್ಜನ ತಲೆಯ ಅಳತೆ ತೆಗೆಯುವಾಗ ಅಜ್ಜ ಗಾಬರಿಯಾಗುತ್ತಾರೆ. ಅಕ್ಕನ ಮದುವೆ ಪತ್ರಿಕೆಯಲ್ಲಿ ಏಳು ಬಗೆಯ ಅಕ್ಷರ, ಮೂರು ಬಗೆಯ ಚಿನ್ನದ ಬಣ್ಣ. ಅಕ್ಷರಗಳ ನಡುವಿನ ಅಂತರ ಸರಿಯಿಲ್ಲವೆಂದು ಅವನು ಊಟ ಬಿಡುತ್ತಾನೆ. ಮುಹೂರ್ತ ಓದಲು ಬರುತ್ತದೆಯೋ ಇಲ್ಲವೋ ಅಷ್ಟು ಹೇಳು ಎನ್ನುತ್ತಾರೆ ಅಪ್ಪ.

ಬೆಳಗಿನ ಜಾವ ಅಜ್ಜಿ ಅಂಗಳದಲ್ಲಿ ಹದಿನೈದರಿಂದ ಎಂಟು ಚುಕ್ಕಿಯ ರಂಗೋಲಿ ಇಡುತ್ತಾರೆ. ಚೌಕಟ್ಟು, ಲಯ, ಪುನರಾವರ್ತನೆ, ಸಮತೋಲನ. ಮೊದಲ ಸೆಮಿಸ್ಟರಿನ ಪಠ್ಯವೆಲ್ಲ ನೆಲದ ಮೇಲಿದೆ. ಎಳೆ ಒಂದೂ ಜೋತುಬಿದ್ದಿಲ್ಲ. ಹುಡುಗ ಪಕ್ಕದಲ್ಲಿ ನಿಂತು, ಕಾಮಸೂತ್ರದ ವ್ಯಾಖ್ಯಾನಕಾರ ಯಶೋಧರ ಹೇಳಿದ ಚಿತ್ರಕಲೆಯ ಆರು ಅಂಗಗಳನ್ನು ವಿವರಿಸುತ್ತಾನೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ.

"ಸರಿ ಮಗಾ, ಕಾಲು ತೆಗಿ, ಚುಕ್ಕಿ ತುಳೀತಿದ್ದೀಯ" ಎನ್ನುತ್ತಾರೆ ಅಜ್ಜಿ.

ವರ್ಷದ ಕೊನೆಗೆ ಪೇಂಟಿಂಗೋ, ಶಿಲ್ಪವೋ, ಗ್ರಾಫಿಕ್ಸೋ, ಅಪ್ಲೈಡ್ ಆರ್ಟೋ ಎಂದು ಆರಿಸಿಕೊಳ್ಳಬೇಕು. ಅಪ್ಪನ ಒಲವು ಅಪ್ಲೈಡ್ ಕಡೆ. ಬೆಂಗಳೂರಿನಲ್ಲಿ ಮೊಬೈಲ್ ಆ್ಯಪಿಗೆ ಗುಂಡಿ ಬರೆಯುವವರಿಗೂ ಸಂಬಳವಿದೆಯೆಂದು ಯಾರೋ ಹೇಳಿದ್ದಾರೆ. ಅದು ಸುಳ್ಳೂ ಅಲ್ಲ. ಜನವರಿಯ ಬೆಂಗಳೂರು ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಅಂಚಿನಲ್ಲಿ ಕೂತು ಹತ್ತು ಜನರ ಮುಖ ಬರೆದು ಬಂದ ಮೇಲೆ ಹುಡುಗನಿಗೂ ಒಂದಿಷ್ಟು ಲೆಕ್ಕಾಚಾರ ಬಂದಿರುತ್ತದೆ. ಗಡ್ಡವನ್ನೂ ಕೊಂಚ ಕತ್ತರಿಸಿದ್ದಾನೆ. ಇಷ್ಟರಲ್ಲಿ ಯಾರೂ ಗಮನಿಸದ ಇನ್ನೊಂದು ಸಂಗತಿ ನಡೆದಿದೆ: ಈಗ ಅವನು ಬರೆದ ಮಡಕೆ ಮೇಜಿನ ಮೇಲೆ ಕೂರುತ್ತದೆ, ತೇಲುವುದಿಲ್ಲ.

ಇಂಥವನೊಬ್ಬ ನಿಮ್ಮ ಬಂಧುಬಳಗದಲ್ಲೂ ಇರುತ್ತಾನೆ. ಹಬ್ಬಕ್ಕೆ ಬಂದಾಗ "ಹೇಗೂ ಖಾಲಿ ಕೂತಿದ್ದೀಯ, ನಂದೊಂದು ಚಿತ್ರ ಬರಿ" ಎನ್ನಬೇಡಿ. ಬರೆಸಿಕೊಳ್ಳಲೇಬೇಕೆಂದರೆ ಇಪ್ಪತ್ತು ನಿಮಿಷ ಅಲುಗಾಡದೆ ಕೂತು, ಮುಗಿದ ಮೇಲೆ ಹಾಳೆ, ಬಣ್ಣದ ದುಡ್ಡನ್ನಾದರೂ ಕೊಡಿ. ಮೂಗು ನಿಮ್ಮದರಂತಿಲ್ಲ ಎಂದು ಅದರಲ್ಲಿ ಕಡಿತ ಮಾಡಬೇಡಿ.