ಹದಿನೆಂಟೂವರೆ ಕೆಬಿಯ ಕಡಲು

ನನಗೆ ಈಜು ಬಾರದು. ಮಲ್ಪೆಯ ಅಳಿಯನಾಗಿ ಇಪ್ಪತ್ತೆರಡು ವರ್ಷವಾದರೂ ಸಮುದ್ರದೊಡನೆ ನನ್ನ ನಂಟು ಮೊಣಕಾಲಿನಿಂದ ಮೇಲೇರಿಲ್ಲ. ಪ್ಯಾಂಟು ಮಡಚಿ ನಿಂತು, ತೆರೆ ಬಂದರೆ ಹಿಂದೆ ಸರಿದು, ಹೋದರೆ ಮುಂದೆ ಬಂದು, ಕೋಲಾಟ ಮುಗಿಸಿ ಮನೆಗೆ ಮರಳುತ್ತೇನೆ. ಅಂಥವನು ಕಳೆದ ವರ್ಷ ಒಂದು ಕಡಲನ್ನೇ ಕಟ್ಟಲು ಹೊರಟೆ.

ಕಡಲೆಂದರೆ ಗೇಮು. ಅದೂ ಈಗಿನ ಫೋನಿಗಲ್ಲ, 1981ರಲ್ಲಿ ಇಂಗ್ಲೆಂಡಿನ ಏಕಾರ್ನ್ ಕಂಪನಿ ತಂದ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರಿಗೆ. ಇದೊಂದು ಹಳೆಯ ಬಾಕಿ. 1984ರಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಲ್ಲಿ ಈ ಯಂತ್ರಗಳು ನಮ್ಮ ದೇಶದ ಶಾಲೆಗಳಿಗೆ ಬಂದವು. ನಮ್ಮ ಶಾಲೆಗೂ ಬಂದವು. ಹೆಡ್‌ಮಾಸ್ತರರ ಕೋಣೆಗಿಲ್ಲದ ಎಸಿ ಅವುಗಳ ಕೋಣೆಗೆ. ಚಪ್ಪಲಿ ಬಾಗಿಲಾಚೆ, ಕೈಕಾಲು ತೊಳೆದು ಪ್ರವೇಶ, ಶುಕ್ರವಾರ ಊದುಬತ್ತಿ. ಒಂದು ಯಂತ್ರಕ್ಕೆ ಆರು ಮಂದಿ. ಅಕ್ಷರಗಳನ್ನೆಲ್ಲ ಮುಂದಿನ ಬೆಂಚಿನವರು ಹಂಚಿಕೊಂಡ ಮೇಲೆ ನನ್ನ ಪಾಲಿಗೆ ಉಳಿದದ್ದು ಸ್ಪೇಸ್‌ಬಾರ್. ವರ್ಷವಿಡೀ ಎರಡು ಪದಗಳ ನಡುವೆ ಖಾಲಿ ಜಾಗ ಒದಗಿಸಿದ್ದೇ ನನ್ನ ಕಂಪ್ಯೂಟರ್ ಶಿಕ್ಷಣ.

ಹಳೆಯ ಯಂತ್ರಗಳಿಗೆ ಹೊಸ ಗೇಮು ಬರೆಯುವ ಹುಚ್ಚರು ಯೂರೋಪಿನಲ್ಲಿ ಇಂದಿಗೂ ಇದ್ದಾರೆ. ಬರೆದದ್ದನ್ನು ಕ್ಯಾಸೆಟ್ಟಿಗೆ ತುಂಬಿ ಮಾರುವವರೂ ಇದ್ದಾರೆ. ನೀರೊಳಗಿನ ಆಟವೂ ಹೊಸದಲ್ಲ. 1983ರಲ್ಲೇ ಡ್ಯೂರೆಲ್ ಕಂಪನಿಯವರು ಸ್ಪೆಕ್ಟ್ರಮ್ ಎಂಬ ಇನ್ನೊಂದು ಕಂಪ್ಯೂಟರಿಗೆ ‘ಸ್ಕೂಬಾ ಡೈವ್’ ಎಂಬ ಆಟ ಮಾಡಿ ಮುತ್ತು ಹೆಕ್ಕಿಸಿದ್ದರು. ನಾನು ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪವನ್ನು ಆರಿಸಿಕೊಂಡೆ. ತಳದಲ್ಲೊಂದು ನಿಧಿಪೆಟ್ಟಿಗೆ, ಕಾವಲಿಗೊಂದು ಶಾರ್ಕ್, ಬೆನ್ನಿಗೆ ಸಿಲಿಂಡರ್ ಕಟ್ಟಿದ ಒಬ್ಬ ಮುಳುಗುಗಾರ. ಎಡಬಲಕ್ಕೆ ಎರಡು ಕೀಲಿ. ಮೇಲೇರಲು, ಹಳೆಯ ಋಣಕ್ಕಾಗಿ, ಸ್ಪೇಸ್‌ಬಾರ್.

ಮೊದಲ ತೊಡಕು ಜಾಗದ್ದು. ಈ ಕಂಪ್ಯೂಟರಿನ ಒಟ್ಟು ಮೆಮೊರಿ 32 ಕೆಬಿ. ನಮ್ಮ ಚಿಕ್ಕಪ್ಪ ಬೆಳಿಗ್ಗೆ ವಾಟ್ಸಾಪಿನಲ್ಲಿ ಕಳಿಸುವ ‘ಶುಭೋದಯ’ದ ಒಂದು ಗುಲಾಬಿಯೂ ಅದರಲ್ಲಿ ಹಿಡಿಸದು. ಅದರಲ್ಲಿ ಯಂತ್ರ ತನ್ನ ಸ್ವಂತ ಖರ್ಚಿಗೆ ಮೂರೂವರೆ ಕೆಬಿ ಹಿಡಿದಿಟ್ಟುಕೊಳ್ಳುತ್ತದೆ. ಎಂಟು ಬಣ್ಣ ಬೇಕೆಂದರೆ ಪರದೆಯೊಂದೇ 20 ಕೆಬಿ ನುಂಗುತ್ತದೆ. ನಾಲ್ಕೇ ಬಣ್ಣ ಸಾಕೆಂದರೆ 10 ಕೆಬಿ. ನಾನು ಬಣ್ಣ ಬಿಟ್ಟು ಜಾಗ ಹಿಡಿದೆ. ನೀಲಿ ನೀರಾಯಿತು, ಕಪ್ಪು ಬಂಡೆಯಾಯಿತು, ಬಿಳಿ ಮನುಷ್ಯನಾಯಿತು, ಉಳಿದ ಹಳದಿಯನ್ನು ನಿಧಿಯೂ ಮೀನುಗಳೂ ಹಂಚಿಕೊಂಡವು. ಇನ್ನುಳಿದ ಹದಿನೆಂಟೂವರೆ ಕೆಬಿಯಲ್ಲಿ ಇಡೀ ಅರಬ್ಬಿ ಸಮುದ್ರದ ಸಂಸಾರ ನಡೆಯಬೇಕು. ಒಂದೊಂದು ಬೈಟನ್ನೂ ತಿಂಗಳ ಕೊನೆಯ ಹತ್ತು ರೂಪಾಯಿಯಂತೆ ತಿರುಗಿಸಿ ಮುರುಗಿಸಿ ನೋಡಿ ಖರ್ಚು ಮಾಡಿದೆ. ಇಷ್ಟಕ್ಕೂ ಈ ಬಡತನವೆಲ್ಲ ನಾಟಕ. 16 ಜಿಬಿಯ ಲ್ಯಾಪ್‌ಟಾಪು ಎಮ್ಯುಲೇಟರಿನ ವೇಷ ತೊಟ್ಟು 32 ಕೆಬಿಯ ಪಾತ್ರ ಮಾಡುತ್ತಿತ್ತು.

ಎರಡನೆಯ ತೊಡಕು 6502 ಎಂಬ ಪ್ರೊಸೆಸರ್. ಅದಕ್ಕೆ ಕೂಡುವುದು ಗೊತ್ತು, ಕಳೆಯುವುದು ಗೊತ್ತು, ಮಗ್ಗಿ ಗೊತ್ತಿಲ್ಲ. ಗುಣಾಕಾರ ಬೇಕಿದ್ದರೆ ನಾವೇ ಕೂಡಿಸಿ ಕೂಡಿಸಿ ಮಾಡಿಕೊಳ್ಳಬೇಕು. ನನ್ನ ಐದನೇ ಕ್ಲಾಸಿನ ಪ್ರತಿರೂಪವೇ ಎದುರಿಗೆ ಕುಳಿತಂತಾಗಿ ಪ್ರೀತಿ ಉಕ್ಕಿತು.

ಮೂರನೆಯ ತೊಡಕು ನಮ್ಮ ಅತ್ತೆ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದವರು, ತೆಗೆಸಿಕೊಂಡ ಮೇಲೆ ಹೊಸ ಕಣ್ಣಿನಿಂದ ಮೊದಲು ನೋಡಿದ್ದು ನನ್ನ ಸಮುದ್ರವನ್ನು.

“ಇದು ಎಂತ ಮೀನು?”

“ಬಂಗುಡೆ ಅತ್ತೆ.”

“ಬಂಗುಡೆಯಾ? ಬೆನ್ನಿನ ಮೇಲೆ ಗೀಟು ಎಲ್ಲಿ?”

ಎಂಟು ಚುಕ್ಕೆ ಉದ್ದದ ಮೀನಿಗೆ ಗೀಟೆಳೆಯಲು ಬೆನ್ನೇ ಇರಲಿಲ್ಲ. ಹಾಗಾದರೆ ಬೂತಾಯಿ ಎಂದುಕೊಳ್ಳಿ ಎಂದೆ.

“ಬೂತಾಯಿ ಹೀಗೆ ಒಂದೇ ತಿರುಗ್ತದಾ? ಅದು ಹಿಂಡು ಕಟ್ಟಿ ಬರ್ತದೆ.”

ಸರಿ, ಹಿಂಡು ಬಿಟ್ಟೆ. ಕಮೊಡೋರ್ 64 ಎಂಬ ಯಂತ್ರದಲ್ಲಾದರೆ ಓಡಾಡುವ ಎಂಟು ಗೊಂಬೆಗಳ ಹೊಣೆಯನ್ನು ಒಂದು ಚಿಪ್ಪೇ ಹೊರುತ್ತದೆ. ಬಿಬಿಸಿಯಲ್ಲಿ ಆ ಸೌಕರ್ಯವಿಲ್ಲ. ಪ್ರತಿ ಮೀನನ್ನೂ ಅಳಿಸಿ, ಸರಿಸಿ, ಮತ್ತೆ ಬರೆಯಬೇಕು. ಹನ್ನೆರಡು ಬೂತಾಯಿ ನೀರಿಗಿಳಿದದ್ದೇ ಅರಬ್ಬಿ ಸಮುದ್ರ ಎಣ್ಣೆಗಾಣದಂತೆ ತಿರುಗತೊಡಗಿತು. ಕೊನೆಗೆ ಆರು ಮೀನನ್ನು ಒಂದೇ ಚಿತ್ರದಲ್ಲಿ ಅಂಟಿಸಿ ಈಜಿಸಿದೆ. ಅತ್ತೆ ನೋಡಿ, “ಈಗ ಹೌದು” ಎಂದರು. ಸಿಮೆಂಟು ಹಾಕಿ ಹಿಡಿಸಿದ ಹಿಂಡು ಎಂದು ನಾನು ಹೇಳಲಿಲ್ಲ.

ಆಮೇಲೆ ಅವರೇ ಆಡಲು ಕುಳಿತರು. ಒಂದು ವಾರದಲ್ಲಿ ನನ್ನ ಮಗನಿಗೂ ಆಗದಷ್ಟು ಅಂಕ! ಬಾಗಿಲ ಮರೆಯಲ್ಲಿ ನಿಂತು ಗುಟ್ಟು ಹಿಡಿದೆ. ಉಸಿರು ಮುಗಿಯುತ್ತ ಬಂದಾಗ ಎಲ್ಲರೂ ಸಿಲಿಂಡರ್ ತುಂಬಿಸಿಕೊಳ್ಳಲು ಮೇಲಿನ ದೋಣಿಯತ್ತ ಓಡಿದರೆ ಅತ್ತೆ ನೆಟ್ಟಗೆ ಶಾರ್ಕಿನ ಬಾಯಿಗೆ ಹೋಗುತ್ತಿದ್ದರು. ಉಸಿರು ಸರಿಯಾಗಿ ಸೊನ್ನೆಯಾದರೆ ಸಾವು ಎಂದು ನಾನು ಬರೆದಿದ್ದೆ. ಶಾರ್ಕು ಒಂದು ಕಡಿತಕ್ಕೆ 10 ಕಿತ್ತುಕೊಳ್ಳುತ್ತಿತ್ತು. 7ರಲ್ಲಿ 10 ಕಳೆದರೆ ನಮಗೆ ಸಾಲ. ಒಂದು ಬೈಟಿಗೆ ಸಾಲವೆಂಬುದೇ ಗೊತ್ತಿಲ್ಲ. ಅದು ಸೊನ್ನೆಯಿಂದ ಕೆಳಗಿಳಿಯದೆ 255ಕ್ಕೆ ಸುತ್ತು ಹೊಡೆದು 253ರಲ್ಲಿ ನಿಲ್ಲುತ್ತದೆ. ನಾನು ತುಂಬಿಸಿ ಕಳಿಸುತ್ತಿದ್ದ ಸಿಲಿಂಡರಿನಲ್ಲೇ ಇದ್ದದ್ದು 200.

ನಾಚಿಕೆಯಿಂದ ಆ ರಾತ್ರಿಯೇ ತಪ್ಪು ತಿದ್ದಿದೆ. ಮರುದಿನ ಅತ್ತೆ ಎಂದಿನಂತೆ ಶಾರ್ಕಿನ ಹತ್ತಿರ ಹೋದರು, ಸತ್ತರು, ಸ್ಪೇಸ್‌ಬಾರಿನಿಂದ ಬೆರಳೆತ್ತಿ ನನ್ನ ಕಡೆ ತಿರುಗಿದರು.

“ಎಂತ ಅಳಿಯಂದ್ರೇ, ಈ ಶಾರ್ಕು ಮೊದಲು ಒಳ್ಳೆಯದಿತ್ತಲ್ಲ?”

ಈಗ ನನ್ನ ಗೇಮಿಗೆ ಎರಡು ಆವೃತ್ತಿಗಳಿವೆ. ಒಂದು ಲೋಕಕ್ಕೆ. ಇನ್ನೊಂದು ಮಲ್ಪೆಗೆ.