ಮಧ್ಯಾಹ್ನ ಹೊರಟು ಸಂಜೆಗೆ ಅಮೆರಿಕ

ಬಿಳಿಕೆರೆ ಸರ್ಕಲ್ಲಿನ ಟೀ ಅಂಗಡಿಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಹೇಳುವವರು ಕಡಿಮೆ. ಹುಣಸೂರು ಅರ್ಧ ಗಂಟೆ, ಮೈಸೂರು ಮುಕ್ಕಾಲು ಗಂಟೆ, ಕೆ.ಆರ್. ನಗರ ‘ಬಸ್ಸು ಸಿಕ್ಕಿದ್ರೆ ಇಲ್ಲೇಯ’. ಇಂಥ ಊರಿನಿಂದ ಗೌಡರೊಬ್ಬರು ಕ್ಯಾಲಿಫೋರ್ನಿಯಾದ ಮಗಳ ಮನೆಗೆ ಹೊರಟರೆ ಮೊದಲ ಪ್ರಶ್ನೆ: ‘ಎಷ್ಟೊತ್ತು ಆಯ್ತದೆ ಗೌಡ್ರೆ?’

ಏರ್ ಇಂಡಿಯಾ 2021ರ ಜನವರಿಯಲ್ಲಿ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ನಡುವೆ ಎಲ್ಲೂ ಇಳಿಯದ ವಿಮಾನ ಹಾಕಿದಾಗ, ಇಲ್ಲಿ ಮಧ್ಯಾಹ್ನ ಹೊರಟವರು ಅದೇ ದಿನ ಸಂಜೆ ಅಲ್ಲಿ ಇಳಿಯುತ್ತಿದ್ದರು. ಗೌಡರು ಆ ವೇಳಾಪಟ್ಟಿ ನೋಡಿ ತೀರ್ಪು ಕೊಟ್ಟರು: ‘ಧರ್ಮಸ್ಥಳಕ್ಕಿಂತ ಹತ್ರ ಕಣ್ರಲಾ!’

ಕುಳಿತಿರಬೇಕಾದದ್ದು ಹದಿನಾರು ಗಂಟೆ. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಕಳೆದ ಹೊತ್ತಿನ ಬಹುಪಾಲನ್ನು ಅದು ನುಂಗಿಬಿಡುತ್ತದೆ. ಮಂಡಿ ಮಾತ್ರ ಹದಿನಾರನ್ನೂ ಎಣಿಸಿಕೊಂಡಿರುತ್ತದೆ.

ಎರಡು ನಿಲ್ದಾಣಗಳ ನಡುವಿನ ನೇರ ದೂರ 13,993 ಕಿ.ಮೀ. ಶಾಲೆಯ ಗೋಡೆಯ ನಕಾಶೆ ನೋಡಿದವರು ಅರಬ್ಬಿ ಸಮುದ್ರ, ಯೂರೋಪು, ಅಟ್ಲಾಂಟಿಕ್ ಎಂದು ದಾರಿ ಹೇಳುತ್ತಾರೆ. ಭೂಗೋಳದ ಮೇಲೆ ದಾರ ಎಳೆದು ನೋಡಿದರೆ ಅದು ಸೈಬೀರಿಯಾ ಹತ್ತಿ ಅಲಾಸ್ಕದ ಕಡೆ ಇಳಿಯುತ್ತದೆ. ಗಾಳಿ ನೋಡಿಕೊಂಡು ವಿಮಾನ ಆ ದಾರವನ್ನೂ ಬಿಡುವುದುಂಟು. ಸ್ಯಾನ್ ಫ್ರಾನ್ಸಿಸ್ಕೊದಿಂದ ಬಂದ ಮೊದಲ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯ ಮೂವರು ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ತಂದರು. ಅಲ್ಲಿಯ ಚಳಿಗೆ ಎಣ್ಣೆಯ ಮೇಲೂ ಕಣ್ಣಿಡಬೇಕು. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಗೆ ಹೆಪ್ಪುಗಟ್ಟತೊಡಗುತ್ತದೆ. ಬಿಳಿಕೆರೆಯಲ್ಲಿ ಧನುರ್ಮಾಸಕ್ಕೇ ಮಫ್ಲರ್ ಸುತ್ತಿಕೊಳ್ಳುವವರಿಗೆ ಇದನ್ನೆಲ್ಲ ಮೊದಲೇ ಹೇಳದಿರುವುದು ಲೇಸು.

ಈ ಲೆಕ್ಕವೆಲ್ಲ ಶುರುವಾಗುವುದು ದೇವನಹಳ್ಳಿಯಿಂದ. ಅಲ್ಲಿಗೆ ಮುಟ್ಟಬೇಕಲ್ಲ! ಮೈಸೂರಿನ ಮಂಡಕಳ್ಳಿಯಲ್ಲೂ ವಿಮಾನ ನಿಲ್ದಾಣವಿದೆ, ಆದರೆ ಅದರ ರನ್‌ವೇ 1,740 ಮೀಟರು. ದೇವನಹಳ್ಳಿಯದು 4,000. ಅಮೆರಿಕಕ್ಕೆ ಆಗುವಷ್ಟು ಎಣ್ಣೆ ತುಂಬಿಕೊಂಡ ಬೋಯಿಂಗ್ 777 ಮಂಡಕಳ್ಳಿಯಿಂದ ಓಡಿದರೆ ಏಳುವ ಮೊದಲೇ ರನ್‌ವೇ ಮುಗಿದಿರುತ್ತದೆ.

ಹಾಗಾಗಿ ಕಳಿಸಿಕೊಡಲು ಒಂದು ಟೆಂಪೊ ಟ್ರಾವೆಲರ್ ತುಂಬ ಜನ. ರಾಗಿಹಿಟ್ಟು, ಹುರುಳಿಕಾಳು, ಸಾರಿನಪುಡಿ ತುಂಬಿದ ಪೆಟ್ಟಿಗೆ ಹೊಗೆಸೊಪ್ಪಿನ ಬೇಲು ತೂಗುವ ತಕ್ಕಡಿಯ ಮೇಲೆ ಕೂತು, 23 ಕೆ.ಜಿ. ಮೀರಿದೆ ಎಂದು ತೋರಿಸಿ, ಹುರುಳಿಯನ್ನು ಕಳೆದುಕೊಂಡಿತು. 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿ ಮೈಸೂರು–ಬೆಂಗಳೂರು ನಡುವೆ ಉಳಿಸಿಕೊಟ್ಟ ಹೊತ್ತನ್ನು ಕೆಂಗೇರಿಯೂ ಹೆಬ್ಬಾಳವೂ ಹಂಚಿಕೊಂಡು ತಿಂದವು. ನಿಲ್ದಾಣದಲ್ಲಿ ಮೂರು ಗಂಟೆ ಮೊದಲೇ ಇರಬೇಕೆಂಬ ನಿಯಮ ಬೇರೆ. ಎಲ್ಲ ಕೂಡಿಸಿದರೆ ಇನ್ನೂರು ಚಿಲ್ಲರೆ ಕಿಲೋಮೀಟರಿಗೆ ಎಂಟು ಗಂಟೆ. ಜೋರಾಗಿ ತುಳಿಯುವ ಹುಡುಗ ಸೈಕಲ್ಲಿನಲ್ಲಿ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಮುಟ್ಟಿಯಾನು. ಆಮೇಲೆ ಗಂಟೆಗೆ ಎಂಟುನೂರು ಚಿಲ್ಲರೆ ಕಿಲೋಮೀಟರು ಓಡಿದರೂ ಗೌಡರಿಗೆ ಅದು ಆಕಳಿಕೆಯ ಹೊತ್ತು.

ಹಿಂದಿರುಗುವಾಗ ಲೆಕ್ಕ ತಿರುವುಮುರುವು. ಧ್ರುವ ದಾಟಿದ ಆ ಮೊದಲ ವಿಮಾನವನ್ನೇ ನೋಡಿ: ಅಲ್ಲಿಂದ ಹೊರಟದ್ದು ಜನವರಿ 9ರ ಶನಿವಾರ ರಾತ್ರಿ, ದೇವನಹಳ್ಳಿಯಲ್ಲಿ ಇಳಿದದ್ದು 11ರ ಸೋಮವಾರ ನಸುಕಿಗೆ. ಇದನ್ನು ಕೇಳಿದ ಮೇಲೆ ಟೀ ಅಂಗಡಿಯ ಬೆಂಚಿನಲ್ಲಿ ಹದಿನೇಳು ಗಂಟೆಯ ಪ್ರಯಾಣದ ಮಾತೇ ನಿಂತುಹೋಯಿತು. ಬಾಡೂಟದ ಭಾನುವಾರ ಆಕಾಶದಲ್ಲಿ ಕರಗಿ, ಇಳಿದೊಡನೆ ಸೋಮವಾರದ ಒಪ್ಪತ್ತು ಎದುರಾದರೆ ಏನು ಮಾಡುವುದು ಎಂಬುದರ ಮೇಲೆ ಎರಡು ಸುತ್ತು ಟೀ ಮುಗಿಯಿತು. ‘ಶುಕ್ರವಾರವೇ ಹೊರಡಿ ಗೌಡ್ರೆ’ ಎಂದು ಒಬ್ಬ ಸಲಹೆ ಕೊಟ್ಟ.