ಅಮಾಂಡಾ ಮೇಡಂ ವರ್ಗಾವಣೆ

ಮಲೆನಾಡಿನ ಕಡಹಿನಬೈಲಿನಿಂದ ಬೆಳಿಗ್ಗೆ ಬಸ್ಸು ಹಿಡಿದು, ಛತ್ರಿ ಮಡಚಿ, ಕಚೇರಿಯ ಕಿಟಕಿಯ ಮುಂದೆ ನಿಂತ ಅಡಿಕೆ ಬೆಳೆಗಾರನಿಗೆ ಸಿಗುವ ಉತ್ತರಗಳು ಮೂರೇ. ಕರೆಂಟ್ ಇಲ್ಲ, ಸರ್ವರ್ ಇಲ್ಲ, ಕಡತ ಇಲ್ಲ. ಯಾವ ಕಚೇರಿ ಎಂದು ಕೇಳಬೇಡಿ, ರಾಜ್ಯದ ತುಂಬ ಇವೆ. ಮೊದಲೆರಡು ಉತ್ತರಕ್ಕೆ ಮದ್ದಿದೆ: ನಾಳೆ ಬರುವುದು. ಮೂರನೆಯದು ಗಟ್ಟಿ ಮಾಲು. 'ಸದರಿ ದಾಖಲೆ ಲಭ್ಯವಿರುವುದಿಲ್ಲ' ಎಂಬ ಒಂದು ಸಾಲಿನ ಹಿಂಬರಹ ಇದೆಯಲ್ಲ, ಅದನ್ನು ಬರೆಸಿಕೊಳ್ಳಲೂ ಖರ್ಚಿದೆ, ಬರೆಸದಿರಲೂ ಖರ್ಚಿದೆ. ಇದ್ದ ಕಾಗದಕ್ಕೆ ನಕಲು ಶುಲ್ಕ ಎಷ್ಟೆಂದು ಗೋಡೆಯ ಮೇಲೆ ಬರೆದಿರುತ್ತಾರೆ. ಇಲ್ಲದ ಕಾಗದಕ್ಕೆ ದರಪಟ್ಟಿಯೇ ಇಲ್ಲ.

ಹಿಂದೆ ಕಡತ ಇಲ್ಲವಾಗಿಸುವ ಕೆಲಸವನ್ನು ಗೆದ್ದಲು ಸಂಬಳವಿಲ್ಲದೆ ಮಾಡುತ್ತಿತ್ತು. ಆಮೇಲೆ ಸರ್ಕಾರದ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, 15 ರೂಪಾಯಿಗೆ ಪ್ರಿಂಟ್ ಸಿಕ್ಕಿತು. ಗೆದ್ದಲಿಗೆ ನಿವೃತ್ತಿಯಾಯಿತು, ಅದರ ಚಾರ್ಜನ್ನು ಹಾರ್ಡ್‌ಡಿಸ್ಕ್ ವಹಿಸಿಕೊಂಡಿತು. ಮಲೆನಾಡಿನ ಸಿಡಿಲಿಗೆ ಸುಟ್ಟ ಕಂಪ್ಯೂಟರ್ ಎಂದರೆ ಯಾರೂ ಹೊಣೆಯಾಗದ ಅಪರಾಧ. ಸಾಕ್ಷಿ ಹೇಳಬೇಕಾದ ಸಿಡಿಲು ವಾಪಸ್ ಹೋಗಿರುತ್ತದೆ.

ಇದಕ್ಕೆ ಉಪಾಯ ಇಲ್ಲದೆ ಇಲ್ಲ. ಅಮಾಂಡಾ ಅಂತ ಒಬ್ಬಾಕೆ ಇದ್ದಾಳೆ. 1990ರ ದಶಕದ ಮೊದಲಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ತಂತ್ರಾಂಶ. ನೆಟ್‌ವರ್ಕಿನಲ್ಲಿರುವ ಎಲ್ಲ ಕಂಪ್ಯೂಟರುಗಳನ್ನೂ ರಾತ್ರಿ ಹೊತ್ತು ಮಾತಾಡಿಸಿ, ಬದಲಾದದ್ದನ್ನೆಲ್ಲ ಟೇಪಿಗೆ ಇಳಿಸುವುದು ಆಕೆಯ ಕಸುಬು. ಬೆಲೆ ಇಲ್ಲ, ಮೂಲ ಸಂಕೇತವನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಟೇಪು ಎಂದರೆ ಯಕ್ಷಗಾನದ ಹಳೇ ಕ್ಯಾಸೆಟ್ ನೆನಪಾಗಬೇಕಿಲ್ಲ. ಎಲ್‌ಟಿಒ-9 ಎಂಬ ಮಾದರಿಯ ಟೇಪು ಅಂಗೈಯಗಲ ಇದ್ದು 18 ಟೆರಾಬೈಟ್ ನುಂಗುತ್ತದೆ. ಕಪಾಟಿನಲ್ಲಿಟ್ಟ ಟೇಪಿಗೆ ವೈರಸ್ಸೂ ತಾಗದು, ಸಿಡಿಲೂ ತಾಗದು. 2011ರಲ್ಲಿ ಜಿಮೇಲ್ ಕೆಲವರ ಅಂಚೆಯನ್ನೆಲ್ಲ ಕಳೆದುಕೊಂಡಾಗ ಗೂಗಲ್ ಕೊನೆಗೆ ಓಡಿದ್ದು ಟೇಪಿನ ಬಳಿಗೇ.

ಅಷ್ಟು ಒಳ್ಳೆಯವಳನ್ನು ನಮ್ಮವರು ಯಾಕೆ ಕರೆಸಿಲ್ಲ? ಮೊದಲ ದೋಷ, ಉಚಿತ. ಸೊನ್ನೆ ರೂಪಾಯಿಗೆ ಟೆಂಡರ್ ಕರೆಯಲು ಬರುವುದಿಲ್ಲ, ಸೊನ್ನೆಯ ಶೇಕಡಾವಾರು ಲೆಕ್ಕ ಹಾಕಿದರೆ ಸೊನ್ನೆಯೇ. ಆದರೂ ಅದನ್ನು ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಆಕೆಯ ನಡತೆ. ಸಂಜೆಯಾಗುವ ಮೊದಲೇ ಯಂತ್ರದಲ್ಲಿ ಸರಿಯಾದ ಟೇಪು ಇದೆಯೇ ಎಂದು ತಪಾಸಣೆ ಮಾಡುತ್ತಾಳೆ, ಇಲ್ಲದಿದ್ದರೆ ಮೇಲಿನವರಿಗೆ ಪತ್ರ ಹಾಕುತ್ತಾಳೆ. ಅವಧಿ ತೀರದ ಟೇಪಿನ ಮೇಲೆ ಬರೆಯಿರಿ ಎಂದರೆ ಒಪ್ಪುವುದಿಲ್ಲ. ಇನ್ನೂ ಕೆಟ್ಟದ್ದೇನೆಂದರೆ, ಟೇಪಿನಲ್ಲಿಟ್ಟ ಪ್ರತಿ ಗಂಟಿನ ತಲೆಯಲ್ಲೂ ಅದನ್ನು ಬಿಚ್ಚುವುದು ಹೇಗೆಂದು ಬರೆದಿಡುತ್ತಾಳೆ. ನಾಳೆ ಅಮಾಂಡಾಳೇ ಇಲ್ಲದಿದ್ದರೂ ಸಾಮಾನ್ಯ ಲಿನಕ್ಸ್ ಬಲ್ಲ ಹುಡುಗನೊಬ್ಬ ತೆಗೆದುಬಿಡಬಹುದು. ವರ್ಗವಾದ ಗುಮಾಸ್ತರು ಬೀರುವಿನ ಕೀಲಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಹೋಗುವ ಪರಂಪರೆಗೆ ಇದು ದೊಡ್ಡ ಅವಮಾನ.

ನಿನ್ನೆ 2 ಎಕರೆ ಇದ್ದ ಸಾಗುವಳಿ ಚೀಟಿ ಬೆಳಗಾಗುವುದರೊಳಗೆ 4 ಎಕರೆ ಆಯಿತು ಅನ್ನಿ. ಎರಡೂ ಟೇಪಿನಲ್ಲಿ ತಾರೀಕು ಸಮೇತ ಕೂತಿರುತ್ತವೆ. ಇಂಥವಳನ್ನು ಯಾರು ಕಚೇರಿಯೊಳಗೆ ಬಿಟ್ಟುಕೊಳ್ಳುತ್ತಾರೆ ಹೇಳಿ.

'ನಮ್ಮ ಮಳೆಗೆ ಏನು ಉಳಿದೀತು' ಎನ್ನುವವರೂ ಇದ್ದಾರೆ. ಕಡಹಿನಬೈಲಿನ ಸೀಮೆಯಲ್ಲೇ ಇರುವ ಶೃಂಗೇರಿಗೆ ಹೋಗಿ ಬನ್ನಿ. 1791ರಲ್ಲಿ ಮರಾಠಾ ಸರದಾರ ಪರಶುರಾಮ ಭಾವುವಿನ ದಂಡಿನವರು ಮಠ ಲೂಟಿ ಮಾಡಿದ ಮೇಲೆ ಟಿಪ್ಪು ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳು 1916ರಲ್ಲಿ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕೈಗೆ ಓದುವ ಸ್ಥಿತಿಯಲ್ಲೇ ಸಿಕ್ಕವು. ಅದೇ ತುಂಗೆ, ಅದೇ ಆಷಾಢ. ಕಚೇರಿಯಲ್ಲಿ ಮಾತ್ರ ಹತ್ತು ವರ್ಷದ ಕಾಗದ ಒದ್ದೆಯಾಗಿರುತ್ತದೆ. ನಾವೊಬ್ಬರೇ ಹೀಗೆ ಎಂದು ನಾಚಬೇಕಾಗಿಲ್ಲ, ಸಮಾಧಾನಕ್ಕೆ ದಕ್ಷಿಣ ಕೊರಿಯಾ ಇದೆ: 2025ರ ಸೆಪ್ಟೆಂಬರಿನಲ್ಲಿ ಡೇಜಾನ್‌ನ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು ನೌಕರರ 858 ಟೆರಾಬೈಟ್ ಬೂದಿಯಾಯಿತು. ನಕಲು ಇರಲಿಲ್ಲ. ತುಂಬ ದೊಡ್ಡದು, ನಕಲು ಮಾಡಲಾಗದು ಎಂಬುದು ಕಾರಣ. ಟೇಪಿಗೆ 18 ಟೆರಾಬೈಟಿನಂತೆ ಭಾಗಿಸಿದರೆ ಒಂದು ಕಪಾಟೂ ತುಂಬದ ಟೇಪುಗಳು!

ಇರಲಿ, ಒಂದು ಊಹೆ ಮಾಡೋಣ. ಹೈಕೋರ್ಟಿನ ಭಯಕ್ಕೋ ಯಾರದೋ ಮೂಢತನಕ್ಕೋ ಅಮಾಂಡಾಳಿಗೆ ಒಂದು ಕಚೇರಿಗೆ ಪೋಸ್ಟಿಂಗ್ ಸಿಕ್ಕಿತು. ಮೊದಲ ವಾರ ಮೂರು ಪತ್ರ ಬರೆದಳು. ಎರಡನೇ ವಾರ, ಕಾಣೆಯಾಗಿದ್ದ ಕಡತವೊಂದನ್ನು ಕೇಳದೆಯೇ ಹುಡುಕಿಕೊಟ್ಟಳು. ಮೂರನೇ ವಾರ 'ಆಡಳಿತಾತ್ಮಕ ಕಾರಣಗಳಿಂದ' ಆಕೆಯನ್ನು ತೆಗೆದುಹಾಕಲಾಯಿತು. ಟೇಪು ಯಂತ್ರ ಮಾತ್ರ ಉಳಿಯಿತು, ಅದಕ್ಕೆ ಬಿಲ್ ಇತ್ತು. ಯಂತ್ರದ ಜತೆಗೆ ತಲೆ ಒರೆಸುವ ಕ್ಲೀನಿಂಗ್ ಟೇಪೊಂದು ಬಂದಿತ್ತು. ಅದರಲ್ಲಿ ಒಂದಕ್ಷರವೂ ಬರೆಯಲಾಗದು. ಅದನ್ನೇ ದಿನವೂ ಸಂಜೆ ತೂರಿಸತೊಡಗಿದರು. ಯಂತ್ರ ಗುಂಯ್‌ಗುಟ್ಟುತ್ತಿತ್ತು, ದೀಪ ಹೊಳೆಯುತ್ತಿತ್ತು, ಟೇಪು ತಾನಾಗಿ ಹೊರಬರುತ್ತಿತ್ತು. 'ಬ್ಯಾಕಪ್ ಯಶಸ್ವಿ' ಎಂದು ರಿಜಿಸ್ಟರಿನಲ್ಲಿ ಸಹಿ ಬೀಳುತ್ತಿತ್ತು. ಇಂಥ ಟೇಪಿಗೆ ಸುಮಾರು 50 ಬಾರಿಯ ಆಯುಸ್ಸು. ಅದೂ ಮುಗಿದಿದೆ, ಹೊಸದಕ್ಕೆ ಇಂಡೆಂಟ್ ಹೋಗಿದೆ.